ಟ್ರಾನ್ಸ್‌ಫರ್ ಕೇಸ್ ಸೋರಿಕೆಗೆ ಹುಮನಾಬಾದ್ ರಸ್ತೆಯ ಗ್ಯಾರೇಜು: ಕೈ ಚೊಕ್ಕ, ಬ್ರೀದರ್ ಮಾತ್ರ ನೀವೇ ಕೇಳಿ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿರುವ ಈ ಗ್ಯಾರೇಜಿಗೆ ಬೋರ್ಡಿಲ್ಲ. ಕುಂದನ್ನೂ ಬರೆಯಬೇಕಾಗಿರುವುದರಿಂದ ಮಿಸ್ತ್ರಿಯ ಹೆಸರೂ ಇಲ್ಲಿ ಬೇಡ. ಫೋರ್ ವೀಲ್ ಪಿಕಪ್ಪು, ಹಳೇ ಜೀಪು, ಒಮ್ಮೊಮ್ಮೆ ಹರಾಜಿನಲ್ಲಿ ಬಂದ ಮಿಲಿಟರಿ ಲಾರಿ ಅಂಗಳದಲ್ಲಿ ನಿಂತಿರುತ್ತವೆ. ತೊಗರಿ ಹೊಲದ ಎರೆ ಮಣ್ಣಿಗೆ ಎರಡು ಮಳೆ ಬಿದ್ದರೆ ಸಾಕು, ಹಿಂದಿನ ಗಾಲಿಯಷ್ಟೇ ಎಳೆಯುವ ಗಾಡಿ ಅಲ್ಲೇ ಹೂತು ಕೂರುತ್ತದೆ. ಹಾಗಾಗಿ ಈ ಕಡೆ ಫೋರ್ ವೀಲ್ ಇಟ್ಟುಕೊಂಡವರು ಇದ್ದಾರೆ, ಅದರ ಟ್ರಾನ್ಸ್‌ಫರ್ ಕೇಸ್, ಅಂದರೆ ಗೇರ್ ಬಾಕ್ಸಿನಿಂದ ಬಂದ ಬಲವನ್ನು ಮುಂದಿನ ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆ, ಬಿಚ್ಚಿ ಕಟ್ಟಬಲ್ಲವರು ಮಾತ್ರ ಕಡಿಮೆ.

ಸೀಲ್ ಎಂದರೆ ತಿರುಗುವ ದಂಡದ ಸುತ್ತ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ತುಟಿಯ ಬಳೆ. "ಸೀಲ್ ಹೋಗೇದ, ಹಾಕ್ಕೊಡ್ರಿ" ಎಂದು ಬಂದವರಿಗೆ ಇಲ್ಲಿ ಸಿಗುವ ಉತ್ತರ ಒಂದೇ: "ಮದಲ ತೊಳೀರಿ, ಆಮ್ಯಾಲ ನೋಡೂಣು." ಈ ಗ್ಯಾರೇಜಿಗೆ ಅಂಕ ಕೊಡುವುದಾದರೆ ಅರ್ಧ ಅಂಕ ಈ ಮಾತಿಗೇ ಹೋಗಬೇಕು. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಬಡಿಯುತ್ತದೆ. ಎಂಜಿನ್ನಿನ ಹಿಂಬದಿ ಸೀಲಿನಿಂದ ಸೋರಿದ್ದು ಗೇರ್ ಬಾಕ್ಸಿನ ಹೊಟ್ಟೆ ಹಿಡಿದು ಹರಿದು ಟ್ರಾನ್ಸ್‌ಫರ್ ಕೇಸಿನ ಕೆಳಗೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗ ನೋಡಿ ಕೇಸ್ ಇಳಿಸಿದರೆ ಕೂಲಿ ದಂಡ. ಇಲ್ಲಿ ಡೀಸೆಲ್ಲಿನಿಂದ ತೊಳೆದು, ಸೋಪು ನೀರು ಹೊಡೆದು, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಉದುರಿಸುತ್ತಾರೆ. ರಿಂಗ್ ರೋಡಿನಲ್ಲಿ 15–20 ಕಿ.ಮೀ. ಓಡಿಸಿ ತಂದು ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಎಂದು ಹುಡುಕುತ್ತಾರೆ. ಸೋರಿಕೆಯ ಮೂಲ ಬಹುಮಟ್ಟಿಗೆ ಅಲ್ಲೇ.

ಬಣ್ಣ, ವಾಸನೆಯನ್ನೂ ನೋಡುತ್ತಾರೆ. ಚೈನ್ ಇರುವ ಬಹಳಷ್ಟು ಟ್ರಾನ್ಸ್‌ಫರ್ ಕೇಸ್‌ಗಳಿಗೆ ಹಾಕುವುದು ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಕೆಂಪೆಣ್ಣೆ. ಹಳತಾದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಹಳೇ ಜೀಪಿನಂತೆ ಬರೀ ಹಲ್ಲಿನ ಚಕ್ರಗಳಿರುವ ಪೆಟ್ಟಿಗೆಯಾದರೆ ದಪ್ಪ ಗೇರ್ ಎಣ್ಣೆ, ಮೂಗಿಗೆ ಗಂಧಕ ಹೊಡೆಯುತ್ತದೆ. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ ಕಡೆ ನೋಡಬೇಕು.

ಸೋರುವ ಜಾಗಗಳಲ್ಲಿ ಹೆಚ್ಚು ಸಿಗುವುದು ಗಾಲಿಗಳ ಕಡೆಗೆ ಬಲ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕೂರುವ ಯೋಕಿನ (ಕವಲಿನಂಥ ಜೋಡಣೆಯ) ಸೀಲು. ಯೋಕಿನ ನೇರಕ್ಕೆ ಬಾಡಿಯ ತಳದಲ್ಲಿ ಎಣ್ಣೆಯ ಪಟ್ಟಿ ಸುತ್ತು ಹೊಡೆದಿದ್ದರೆ ಅನುಮಾನವೇ ಬೇಡ. ಆದರೆ ಸೀಲ್ ಯಾಕೆ ಹೋಯಿತು ಎನ್ನುವುದನ್ನು ಬಿಟ್ಟು ಹೊಸದು ಬಡಿದರೆ ಅದೂ ಬಹಳ ದಿನ ಬಾಳದು. ಇಲ್ಲಿನ ಹುಡುಗರು ಯೋಕ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸುತ್ತಾರೆ. ಆಟ ಕೈಗೆ ಗೊತ್ತಾಗುವಷ್ಟಿದ್ದರೆ ಬೇರಿಂಗ್ ಹೋಗಿದೆ, ಸೀಲ್ ಒಂದೇ ಹಾಕಿ ಪ್ರಯೋಜನವಿಲ್ಲ. ಶಾಫ್ಟಿನ ತುದಿಯ ಕೀಲಿನ ಕ್ರಾಸ್ ಸವೆದಿದ್ದರೂ ಅದರ ನಡುಕ ಸೀಲನ್ನು ತಿನ್ನುತ್ತದೆ. ಬೇರಿಂಗ್ ಹಾಳಾಗಲು ಈ ಭಾಗದಲ್ಲಿ ಒಂದು ಕಾರಣ ಪದೇ ಪದೇ ಕಾಣುತ್ತದೆ: ಹೊಲದಿಂದ ಡಾಂಬರಿಗೆ ಬಂದ ಮೇಲೂ ಡ್ರೈವರ್ ಫೋರ್ ವೀಲ್ ಬಿಡಿಸುವುದಿಲ್ಲ. ನಡುವೆ ಡಿಫರೆನ್ಶಿಯಲ್ (ಮುಂದಿನ, ಹಿಂದಿನ ಶಾಫ್ಟ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲದ ಪೆಟ್ಟಿಗೆಯಲ್ಲಿ ತಿರುವಿಗೊಮ್ಮೆ ಮುಂದಿನ ಹಿಂದಿನ ಗಾಲಿಗಳು ಜಗ್ಗಾಡುತ್ತವೆ, ಒಣ ರಸ್ತೆಯಲ್ಲಿ ಜಾರಲು ದಾರಿಯಿಲ್ಲ, ಆ ಭಾರವೆಲ್ಲ ಚೈನು ಮತ್ತು ಬೇರಿಂಗಿನ ಮೇಲೆ.

ಇನ್ನೊಂದು ಶತ್ರು ಸುತಳಿ. ಚೀಲ ಹೊಲಿದ ನೂಲು, ಸಿಮೆಂಟ್ ಚೀಲದ ಪ್ಲಾಸ್ಟಿಕ್ ಎಳೆ ಯೋಕಿಗೆ ಸುತ್ತಿಕೊಂಡು, ಬಿಸಿಗೆ ಕರಗಿ ಗಟ್ಟಿ ಬಳೆಯಾಗಿ ಸೀಲಿನ ತುಟಿಯೊಳಗೆ ನುಗ್ಗುತ್ತದೆ. ಮೇಲಿನ ಗ್ರೀಸು ಮಣ್ಣು ಒರೆಸಿದರೆ ಮಾತ್ರ ಕಾಣುತ್ತದೆ. ಬ್ಲೇಡಿನಿಂದ ಕುಯ್ದು ತೆಗೆಯಬೇಕು.

ಯೋಕ್ ತೆಗೆಯುವ ಮುಂಚೆ ಪ್ರೊಪೆಲ್ಲರಿಗೂ ಫ್ಲ್ಯಾಂಜಿಗೂ ಸೇರಿಸಿ ಪಂಚಿನ ಗುರುತು ಹೊಡೆಯುತ್ತಾರೆ, ಮತ್ತೆ ಅದೇ ಜೋಡಿಗೆ ಕೂರಲಿ ಎಂದು. ಹೊರಗೆ ಬಂದ ಯೋಕಿನ ಮೇಲೆ ಸೀಲ್ ಉಜ್ಜಿದ ಜಾಗಕ್ಕೆ ಉಗುರು ಹಾಯಿಸುತ್ತಾರೆ. ಉಗುರು ಸಿಕ್ಕಿಕೊಂಡರೆ ಅದು ಗೀರಲ್ಲ, ಕಾಲುವೆ. ಅದಕ್ಕೆ ಮೂರು ದಾರಿ: ಹೊಸ ಯೋಕು, ಇಲ್ಲವೇ ಮೇಲೆ ತೆಳು ಉಕ್ಕಿನ ತೋಳು ಏರಿಸುವುದು (ಅದರ ದಪ್ಪ 0.28 ಮಿ.ಮೀ. ಆಸುಪಾಸು, ಹಾಗಾಗಿ ಅದೇ ಅಳತೆಯ ಸೀಲ್ ನಡೆಯುತ್ತದೆ), ಅದೂ ಸಿಗದಿದ್ದರೆ, ಜಾಗವಿದ್ದಲ್ಲಿ ಸೀಲನ್ನು 2 ಮಿ.ಮೀ. ಹೊರಗೆ ನಿಲ್ಲಿಸಿ ತುಟಿ ಹೊಸ ಲೋಹದ ಮೇಲೆ ಓಡುವಂತೆ ಮಾಡುವುದು. ಇಲ್ಲಿ ಹೆಚ್ಚಾಗಿ ಮೂರನೆಯದೇ ನಡೆಯುತ್ತದೆ. ಅಗ್ಗ, ತಪ್ಪೂ ಅಲ್ಲ, ಆದರೆ ಗಿರಾಕಿಗೆ ಹೇಳಿ ಮಾಡಿದರೆ ಚೆನ್ನ.

ಸೀಲ್ ಕೂರಿಸುವ ಕೈ ನಿಜಕ್ಕೂ ಚೊಕ್ಕ. ಸ್ಪ್ರಿಂಗ್ ಎಣ್ಣೆಯ ಕಡೆಗೆ, ತುಟಿಗೆ ಎಣ್ಣೆ ಸವರಿ, ಹೊರ ಅಂಚಿಗೆ ಸರಿಯಾಗಿ ಕೂರುವ ಪೈಪಿನ ತುಂಡಿಟ್ಟು ಸುತ್ತಲೂ ಸಮನಾಗಿ ಬಡಿಯುತ್ತಾರೆ. ಸುತ್ತಿಗೆ ನೇರ ಸೀಲಿಗೆ ತಾಗುವುದಿಲ್ಲ. ಯೋಕಿನ ಒಳಗಿನ ಹಲ್ಲುಗುಂಟ ಎಣ್ಣೆ ತೆವಳಿ ನಟ್ಟಿನ ಬಳಿ ಹೊರಬರುವುದು ಬಹಳ ಮಂದಿಗೆ ಗೊತ್ತಿಲ್ಲ. ಸೀಲ್ ಹೊಸದು, ಆದರೂ ಸೋರಿಕೆ ಎಂಬ ಗೋಳಿಗೆ ಇದೂ ಒಂದು ಕಾರಣ. ಇಲ್ಲಿ ಹಲ್ಲಿಗೆ ತೆಳುವಾಗಿ ಸಂದಿ ಮುಚ್ಚುವ ಪೇಸ್ಟ್ ಸವರಿ, ಹೊಸ ನಟ್ಟು ಹಾಕಿ, ಟಾರ್ಕ್ ಪಾನಾದಿಂದ ಬಿಗಿಯುತ್ತಾರೆ.

ಈಗ ಕುಂದು. ಕೇಸಿನ ನೆತ್ತಿಯ ಮೇಲಿನ ಬ್ರೀದರನ್ನು, ಅಂದರೆ ಒಳಗಿನ ಗಾಳಿ ಹೊರಬಿಡುವ ನಳಿಗೆಯನ್ನು, ತಾವಾಗಿ ನೋಡುವುದಿಲ್ಲ. ಎರೆ ಮಣ್ಣು ಒಣಗಿದರೆ ಕಲ್ಲು. ಆ ನಳಿಗೆ ಕಟ್ಟಿದರೆ ಬಿಸಿಯಾದ ಗಾಳಿಗೆ ಹೋಗಲು ದಾರಿಯಿಲ್ಲ, ಒಳ್ಳೆಯ ಸೀಲಿನ ತುಟಿಯನ್ನೂ ಎತ್ತಿ ಎಣ್ಣೆ ತಳ್ಳುತ್ತದೆ. ಬಿಸಿ ಪೆಟ್ಟಿಗೆ ಹಳ್ಳದ ನೀರಿಗೆ ಇಳಿದರೆ ಉಲ್ಟಾ, ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದು ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ನಳಿಗೆ ಬಿಚ್ಚಿ ಊದಿ ನೋಡಲು ಐದು ನಿಮಿಷ ಬೇಕಿಲ್ಲ. "ಬ್ರೀದರ್ ನೋಡ್ರಿ" ಎಂದು ಬಾಯಿಬಿಟ್ಟು ಹೇಳಿ.

ಎರಡನೆಯದು, ಪೇಸ್ಟಿನ ಧಾರಾಳ. ಕೇಸಿನ ಎರಡು ಹೋಳುಗಳ ನಡುವೆ 2–3 ಮಿ.ಮೀ. ಎಳೆ, ಬೋಲ್ಟ್ ತೂತುಗಳ ಒಳಮಗ್ಗುಲಿಗೆ ಹಾಯ್ದರೆ ಸಾಕು. ಇಲ್ಲಿ ಅದರ ಎರಡು ಪಟ್ಟು ಮೆತ್ತುತ್ತಾರೆ. ಒಳಗೆ ಉಬ್ಬಿದ್ದು ಹರಿದು ಬಿದ್ದು, ಎಣ್ಣೆ ಪಂಪ್ ಇರುವ ಕೇಸಿನಲ್ಲಿ ಅದರ ಜಾಲರಿ ಕಟ್ಟುತ್ತದೆ. ಥಿನ್ನರಿನಿಂದ ಮುಖ ಒರೆಸುವುದು, ಅಲ್ಯೂಮಿನಿಯಂ ಸಂದಿಗೆ ಸ್ಕ್ರೂಡ್ರೈವರ್ ತೂರಿಸದೆ ಬಿಡಿಸುವುದು ಇಲ್ಲಿ ಸರಿಯಾಗಿದೆ.

ಹೊರಗೆ ಹನಿಯಿಲ್ಲ, ಆದರೆ ಗೇರ್ ಬಾಕ್ಸಿನಲ್ಲಿ ಎಣ್ಣೆ ಕಡಿಮೆ, ಟ್ರಾನ್ಸ್‌ಫರ್ ಕೇಸಿನಲ್ಲಿ ಹೆಚ್ಚು ಎಂದಾದರೆ ಎರಡರ ನಡುವಿನ ಇನ್‌ಪುಟ್ ಸೀಲು. ಅದಕ್ಕೆ ಕೇಸ್ ಇಳಿಸಲೇಬೇಕು. ಸೀಲಿನ ಬೆಲೆ ಚಿಲ್ಲರೆ, ಕೂಲಿ ಅದರ ಹಲವು ಪಟ್ಟು. ಇಳಿಸಿದಾಗ ಉಳಿದ ಸೀಲುಗಳನ್ನೂ, ಶಿಫ್ಟರ್ ರಾಡಿನ ಸೀಲನ್ನೂ ಬದಲಿಸಿಬಿಡಿ. ಹಳೇ ಸೀಲಿನ ಮೇಲೆ ಅಚ್ಚಾದ ಒಳ, ಹೊರ, ದಪ್ಪದ ಅಳತೆಯ ಫೋಟೊ ಹಿಡಿದು ಅಂಗಡಿಗೆ ಹೋದರೆ ಎರಡು ಸುತ್ತು ಉಳಿಯುತ್ತದೆ.

ಎಣ್ಣೆ ಇಳಿಸುವಾಗ ತುಂಬುವ ಪ್ಲಗ್ಗೇ ಮೊದಲು ಬಿಚ್ಚಬೇಕು. ಅದು ಜಾಮಾಗಿರುವುದು ಖಾಲಿ ಮಾಡಿದ ಮೇಲೆ ಗೊತ್ತಾದರೆ ಗಾಡಿ ಅಲ್ಲೇ ಠಿಕಾಣಿ. ಪಿಕಪ್ಪು, ಜೀಪಿನ ಕೇಸು ಮಾದರಿಗೆ ತಕ್ಕಂತೆ ಹೆಚ್ಚುಕಡಿಮೆ ಒಂದರಿಂದ ಎರಡು ಲೀಟರ್ ಹಿಡಿಯುತ್ತದೆ. ಸಮ ನೆಲದಲ್ಲಿ ನಿಲ್ಲಿಸಿ ತೂತಿನ ಕೆಳಂಚಿಗೆ ಬರುವ ತನಕ ಮಾತ್ರ. ಗಾಡಿ ಬಿಡುವವರು ಬೆಳಿಗ್ಗೆಯೇ ಬಿಡಿ. ಕೇಸ್ ತೆರೆದಿದ್ದರೆ ಪೇಸ್ಟ್ ಒಂದು ರಾತ್ರಿ ಒಣಗಬೇಕು, ಎಣ್ಣೆ ಮರುದಿನ. "ಸಂಜಿಗೇ ಬೇಕ್ರಿ" ಎಂದು ಅವಸರ ಮಾಡಿದರೆ ಇವರು ಸಂಜೆಗೇ ತುಂಬಿಸಿ ಕಳಿಸುತ್ತಾರೆ.