ನೈತಿಕ ಸತ್ಯ ತಿಳಿಯುವುದು ಹೇಗೆ: ರಾಸ್, ರಾಲ್ಸ್, ಮ್ಯಾಕಿ

ನೈತಿಕ ಸತ್ಯದ ಕುರಿತ ಪ್ರಬಂಧಕ್ಕೆ ಈ ಮೂವರು ತತ್ತ್ವಜ್ಞಾನಿಗಳಲ್ಲಿ ಯಾರನ್ನು ಆರಿಸಲಿ ಎಂದು ಕೇಳಿದ್ದೀರಿ. ನೀವು ಎತ್ತುವ ಪ್ರಶ್ನೆ ಯಾವುದು ಎಂಬುದರ ಮೇಲೆ ಅದು ನಿಂತಿದೆ.

ಮೊದಲು ಅರಿವಿನ ಮೂಲ. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂಬುದು ಪಕ್ವ ಮನಸ್ಸಿಗೆ ಗಣಿತದ ಮೂಲತತ್ತ್ವದಂತೆ ಸ್ವತಃಸಿದ್ಧ ಎಂದರು ಡಬ್ಲ್ಯು. ಡಿ. ರಾಸ್ (1930). ಜಾನ್ ರಾಲ್ಸ್ (1971) ಪ್ರಕಾರ ನಮ್ಮ ತೀರ್ಪುಗಳನ್ನೂ ತತ್ತ್ವಗಳನ್ನೂ ಒಂದಕ್ಕೊಂದು ಒರೆಹಚ್ಚಿ, ಎರಡನ್ನೂ ತಿದ್ದುತ್ತಾ ಹೊಂದಿಸಬೇಕು. ಜೆ. ಎಲ್. ಮ್ಯಾಕಿ (1977) ವಸ್ತುನಿಷ್ಠ ಮೌಲ್ಯಗಳೇ, ಅಂದರೆ ನಮ್ಮ ಅಭಿಪ್ರಾಯವನ್ನು ಅವಲಂಬಿಸದ ಮೌಲ್ಯಗಳೇ, ಇಲ್ಲ ಎನ್ನುತ್ತಾರೆ.

ಕರ್ತವ್ಯಗಳ ನಡುವೆ ಸಂಘರ್ಷ ಬಂದಾಗಲೇ ನಿಜವಾದ ಪರೀಕ್ಷೆ. ರಾಸ್ ಅವರದೇ ಉದಾಹರಣೆ: ಗೆಳೆಯನನ್ನು ಕಾಣುತ್ತೇನೆಂದು ಮಾತು ಕೊಟ್ಟಿದ್ದೀರಿ, ದಾರಿಯಲ್ಲಿ ಅಪಘಾತದ ಗಾಯಾಳುಗಳಿದ್ದಾರೆ. ಇಲ್ಲಿ ನೆರವೇ ಹೆಚ್ಚು ತೂಗುತ್ತದೆ. ಆದರೆ ಎಲ್ಲ ಸಂದರ್ಭಕ್ಕೂ ಒಗ್ಗುವ ಸೂತ್ರವನ್ನು ಅವರು ಕೊಡುವುದಿಲ್ಲ. ನನಗದು ಕೊರತೆಯಲ್ಲ, ಪ್ರಾಮಾಣಿಕತೆ ಅನ್ನಿಸುತ್ತದೆ. ರಾಲ್ಸ್ ದಾರಿಯಲ್ಲಿ ವಾದಕ್ಕೆ ಜಾಗ ಹೆಚ್ಚು, ಆದರೆ ಪೂರ್ವಗ್ರಹಗಳೇ ಒಂದಕ್ಕೊಂದು ಹೊಂದಿಕೊಂಡು ಕುಳಿತರೆ? ಸಮಾಜಗಳ ನಡುವಿನ ಭಿನ್ನಮತವನ್ನು ಸಲೀಸಾಗಿ ವಿವರಿಸುವವರು ಮ್ಯಾಕಿ. ಬೆಲೆ ಮಾತ್ರ ದುಬಾರಿ: ‘ಗುಲಾಮಗಿರಿ ತಪ್ಪು’ ಎಂಬುದೂ ವಸ್ತುನಿಷ್ಠ ಸತ್ಯವಲ್ಲವೆಂದು ಒಪ್ಪಬೇಕಾಗುತ್ತದೆ.

ದಿನನಿತ್ಯದ ಕರ್ತವ್ಯಸಂಕಟದ ಬಗ್ಗೆ ಬರೆಯುವುದಾದರೆ ರಾಸ್ ಹೆಚ್ಚು ಒದಗುತ್ತಾರೆ. ಮೀಸಲಾತಿಯಂಥ ಸಾರ್ವಜನಿಕ ಚರ್ಚೆಗೆ ರಾಲ್ಸ್. ನೀತಿಗೆ ಬುಡವಿದೆಯೇ ಎಂಬುದೇ ನಿಮ್ಮ ಪ್ರಶ್ನೆಯಾದರೆ ಮ್ಯಾಕಿಯಿಂದ ಶುರುಮಾಡಿ, ಉಳಿದಿಬ್ಬರನ್ನು ಅವರಿಗೆ ಉತ್ತರವಾಗಿ ಓದಿ.