ಟೀಮ್‌ವರ್ಕ್ ವರ್ಕ್‌ಶಾಪ್‌ಗೆ ಹೋಗಿ ಬಂದೆ: 5ಕ್ಕೆ 3 ಸ್ಟಾರ್
ಬಳ್ಳಾರಿಯಲ್ಲಿ ಸರ್ಜರಿ ಪಿಜಿ ಮಾಡುತ್ತಿದ್ದೇನೆ, ಎರಡನೇ ವರ್ಷ. ಮೇ ತಿಂಗಳಲ್ಲಿ ಇಲ್ಲೇ ಊರಲ್ಲಿ ನಡೆದ 2 ದಿನದ ಟೀಮ್‌ವರ್ಕ್ ವರ್ಕ್‌ಶಾಪ್‌ಗೆ ಹೋಗಿದ್ದೆ. ಜಾಗದ ಹೆಸರು ಬೇಡ, ಬೈಯೋದೂ ಇದೆ. ಸರ್ಟಿಫಿಕೇಟ್ ಸಿಗುತ್ತದೆ ಅಂತ ಹೋದವನು ನಾನು, ಸುಳ್ಳು ಯಾಕೆ ಹೇಳಲಿ.

ಇಲ್ಲಿ ನಿಮ್ಮ ಹೊಲಿಗೆ, ಗಂಟು ಯಾರೂ ನೋಡುವುದಿಲ್ಲ. ಓಟಿಯಲ್ಲಿ (ಆಪರೇಷನ್ ಥಿಯೇಟರ್) ಹೇಗೆ ಮಾತಾಡುತ್ತೀರಿ, ಯಾರ ಮಾತು ಕಿವಿಗೆ ಹಾಕಿಕೊಳ್ಳುತ್ತೀರಿ, ಅದಕ್ಕೆ ಮಾರ್ಕ್ಸ್. ಬಳಸಿದ್ದು ನಾಟ್ಸ್ (NOTSS) ಅನ್ನುವ ಮಾರ್ಕ್ಸ್ ಶೀಟ್, ಸ್ಕಾಟ್ಲೆಂಡಿನಲ್ಲಿ ಸರ್ಜನ್‌ಗಳಿಗೆಂದೇ ಮಾಡಿದ್ದು. ಸುತ್ತಮುತ್ತಲ ಎಚ್ಚರ, ನಿರ್ಧಾರ, ಮಾತುಕತೆ ಮತ್ತು ಟೀಮ್‌ವರ್ಕ್, ಲೀಡರ್‌ಶಿಪ್ ಅಂತ ನಾಲ್ಕು ಭಾಗ. ಒಂದೊಂದಕ್ಕೂ 1ರಿಂದ 4. 4 ಅಂದರೆ ಚೆನ್ನಾಗಿದೆ. 1 ಅಂದರೆ ರೋಗಿಗೆ ಅಪಾಯ ತರುವ ಹಾಗೆ ನಡೆದುಕೊಂಡಿರಿ ಅಂತ.

ನನಗೆ ಬಂದದ್ದು ಕರುಳು ತೂತಾದ ಕೇಸ್. ರೋಗಿ ಗೊಂಬೆ. ಅರ್ಧದಲ್ಲಿ ಮಾನಿಟರ್‌ನಲ್ಲಿ ಬಿಪಿ ಇಳಿಸಿಬಿಟ್ಟರು. ಗಾಬರಿಯಾದರೆ ನನ್ನ ಬಾಯಿಗೆ ತೆಲುಗು ಬರುತ್ತದೆ, ಬಳ್ಳಾರಿಯವರಿಗೆ ಇದೇನು ಹೊಸದಲ್ಲ. 'ಅದಿ ಇವ್ವಂಡಿ, ಅದಿ' ಅಂದೆ, ಅಂದರೆ 'ಅದು ಕೊಡಿ, ಅದು'. ಸಲಕರಣೆ ಕೈಗೆ ಕೊಡುವ ಸ್ಕ್ರಬ್ ಸಿಸ್ಟರ್ ಧಾರವಾಡ ಕಡೆಯವರು, ಕತ್ತರಿ ಕೊಟ್ಟರು. ನನಗೆ ಬೇಕಿದ್ದದ್ದು ಸಕ್ಷನ್, ರಕ್ತ ಹೀರುವ ಪೈಪು. ಆಮೇಲೆ ವಿಡಿಯೋದಲ್ಲಿ ನೋಡಿದರೆ, ತೆಲುಗು ಗೊತ್ತಿದ್ದವರಿಗೂ 'ಅದು' ಯಾವುದು ಅಂತ ಗೊತ್ತಾಗುತ್ತಿರಲಿಲ್ಲ ಅನ್ನಿ.

ಹೊಟ್ಟೆ ಮುಚ್ಚುವಾಗ ಅದೇ ಸಿಸ್ಟರ್, 'ಸರ್, ಒಂದು ಮಾಪ್ ಕಮ್ಮಿ ಬರ್ತಿದೆ' ಅಂದರು. ಮಾಪ್ ಅಂದರೆ ಹೊಟ್ಟೆಯೊಳಗೆ ರಕ್ತ ಒರೆಸುವ ಬಟ್ಟೆ. 'ಇನ್ನೊಂದ್ಸಲ ಎಣಿಸಿ' ಅಂತ ತಲೆ ಎತ್ತದೆ ಹೊಲಿಯುತ್ತಲೇ ಇದ್ದೆ. 'ಹೊಲಿಗೆ ನಿಲ್ಲಿಸಿ ಸರ್' ಅಂತ ದನಿ ಏರಿಸಿದ ಮೇಲೆ ನಿಲ್ಲಿಸಿದೆ. ಮಾಪ್ ಲಿವರ್ ಕೆಳಗೆ ಇತ್ತು, ಮೊದಲೇ ತುರುಕಿಟ್ಟಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶದ ಆಪರೇಷನ್ ಚೆಕ್‌ಲಿಸ್ಟ್‌ನಲ್ಲಿ ಈ ಎಣಿಕೆಯೂ ಇದೆ, ದಿನಾ ಟಿಕ್ ಹಾಕುತ್ತೇವೆ. ಸುಮ್ನೆ ಟಿಕ್, ಅಷ್ಟೇ.

ಆಮೇಲಿನ ಚರ್ಚೆ ನಿಜವಾಗಲೂ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ವಿಡಿಯೋ ನಿಲ್ಲಿಸಿ 'ಈಗ ನಿನ್ನ ಕಣ್ಣು ಎಲ್ಲಿದೆ?' ಅಂತ ಕೇಳಿದರು. ಸೂಜಿಯ ತುದಿಯಲ್ಲಿ. ಅಲ್ಲಿಂದ ಕದಲೇ ಇಲ್ಲ.

ಸಿಟ್ಟು ಬಂದದ್ದು ಮಾರ್ಕ್ಸ್ ವಿಷಯಕ್ಕೆ. ಮಾತುಕತೆ ಭಾಗದಲ್ಲಿ ಒಬ್ಬರು 1 ಕೊಟ್ಟರು, ಇನ್ನೊಬ್ಬರು 3. ಅದೇ ವಿಡಿಯೋ! ಯಾಕೆ ಇಷ್ಟು ವ್ಯತ್ಯಾಸ ಅಂತ ಕೂತು ಮಾತಾಡದೆ, ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಿದ ಹಾಗೆ ನಡುವೆ 2 ಅಂತ ಬರೆದರು. ಇನ್ನು ನನ್ನನ್ನು ತಡೆದ ಆ ಸಿಸ್ಟರ್‌ಗೆ ಶೀಟೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಅವರನ್ನು ಕರೆಸಿದ್ದೇ 'ಪಾತ್ರ' ಮಾಡಲು. ಅನಸ್ತೇಷಿಯಾ ಕಡೆಯಿಂದ ಒಬ್ಬರೂ ಇರಲಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಒಟಾಸ್ ಅಂತ ಇನ್ನೊಂದು ಪದ್ಧತಿ ಇದೆ. ಅದರಲ್ಲಿ ಸರ್ಜನ್, ಅನಸ್ತೇಷಿಯಾ, ನರ್ಸಿಂಗ್ ಮೂರಕ್ಕೂ ಬೇರೆ ಬೇರೆಯಾಗಿ 0ಯಿಂದ 6ರವರೆಗೆ ಅಂಕ ಹಾಕುತ್ತಾರೆ. ಟೀಮ್ ಅಂತ ಬೋರ್ಡ್ ಹಾಕಿದವರು ಅದರ ಹೆಸರೂ ಎತ್ತಲಿಲ್ಲ.

ಎರಡನೇ ದಿನ ಎಸಿ ಕೆಟ್ಟಿತ್ತು, ಮೇ ಬಿಸಿಲು, ಮೇಲೆ ಗೌನ್ ಬೇರೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾತ್ರ ಜೋರಾಗಿತ್ತು.

ಹೋಗುವವರು ನಿಮ್ಮ ಓಟಿ ಸಿಸ್ಟರನ್ನೂ ಅನಸ್ತೇಷಿಯಾ ಪಿಜಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರಿಗೂ ಶೀಟ್ ಕೊಡಿ ಅಂತ ಫೀಸ್ ಕಟ್ಟುವ ಮೊದಲೇ ಕೇಳಿ.