ಆಗುಂಬೆ ಇಳಿದು ಬಂದವರು ಹುರುಳಿ ಮೇಲೆ ಬಿದ್ದೆವು

ಡಿಸೆಂಬರ್, ಜನವರಿಯಲ್ಲಿ ತುಮಕೂರು ಕಡೆಯ ಹಳ್ಳಿ ರಸ್ತೆಗಳಲ್ಲಿ ಬೈಕ್ ಓಡಿಸುವವರು ಇದನ್ನೊಮ್ಮೆ ಓದಿ. ಹಿಂದೆ ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವವರಂತೂ ಓದಲೇಬೇಕು.

ನಾನೂ ನನ್ನ ಹೆಂಡತಿಯೂ ಐದು ದಿನ ಬುಲೆಟ್‌ನಲ್ಲಿ ಮಲೆನಾಡು ಸುತ್ತಿದೆವು. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ. ಘಾಟಿಯ 14 ತಿರುವು ಇಳಿದು, ಸುಮ್ನೆ ಆಸೆಗೆ ಮತ್ತೆ ಹತ್ತಿದೆವು. ಆಮೇಲೆ ಶೃಂಗೇರಿ, ಕುದುರೆಮುಖದ ಕಾಡು, ಕಳಸ, ಚಿಕ್ಕಮಗಳೂರು. ಮಂಜು, ಜಲ್ಲಿ ಎದ್ದ ರಸ್ತೆ, ಮೈಮೇಲೇ ಬರುವ ಬಸ್ಸು, ಎಲ್ಲ ಆಯಿತು. ಒಂದು ಗೀರೂ ಬೀಳಲಿಲ್ಲ. ಬಿದ್ದಿದ್ದು ಮನೆ ಇನ್ನೇನು 30 ಕಿಲೋಮೀಟರ್ ಇದೆ ಅನ್ನುವಾಗ, ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ.

ತಿಪಟೂರು ದಾಟಿ ನಿಟ್ಟೂರಿಗೆ ಬಂದಿದ್ದೆವು. ಕಡಬದ ಕೆರೆ ನೋಡಿಕೊಂಡು ಹೋಗೋಣ ಅಂತ ಹೈವೇ ಬಿಟ್ಟೆ. ಸಂಜೆ ಐದಾಗಿತ್ತು. ಒಂದು ತಿರುವು ಕಳೆದ ಕೂಡಲೇ ರಸ್ತೆ ತುಂಬ ಹುರುಳಿ ಗಿಡ ಹರವಿದ್ದರು, ಗಾಡಿಗಳು ತುಳಿದು ಒಕ್ಕಣೆ ಆಗಲಿ, ಕಾಳು ಬಿಡಿಸಿಕೊಳ್ಳಲಿ ಅಂತ. ನಲವತ್ತರ ಸ್ಪೀಡಿನಲ್ಲಿದ್ದೆ. ಮೆತ್ತಗಿದೆ ಅಲ್ವಾ, ಏನಾಗುತ್ತೆ ಅಂತ ನುಗ್ಗಿಸಿದೆ.

ಮೆತ್ತಗಿರುವುದು ಮೇಲೆ ಮಾತ್ರ. ಅಡಿಯಲ್ಲಿ ಉದುರಿದ ಕಾಳು. ಟೈರಿಗೆ ಟಾರು ಸಿಗುವುದೇ ಇಲ್ಲ. ಹಿಂದಿನ ಚಕ್ರ ಜಾರಿತು, ಗಾಬರಿಗೆ ಮುಂದಿನ ಬ್ರೇಕ್ ಹಿಡಿದೆ. ಕೆಟ್ಟಿದ್ದೇ ಅಲ್ಲಿ. ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಎಬಿಎಸ್ ಇತ್ತು, ಆದರೆ ಹಿಡಿದುಕೊಳ್ಳಲು ನೆಲವೇ ಇಲ್ಲದ ಮೇಲೆ ಅದು ತಾನೆ ಏನು ಮಾಡೀತು? ಇಬ್ಬರೂ ಬಿದ್ದೆವು. ನನಗೆ ಮೊಣಕಾಲು ತರಚಿತು. ಅವಳು ಕೈ ಊರಿದ್ದಳು, ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಹೆಲ್ಮೆಟ್‌ನ ಪಟ್ಟಿ ಹಾಕಿಕೊಂಡಿದ್ದಳು ಅನ್ನುವುದೊಂದೇ ಪುಣ್ಯ.

ಇನ್ನೊಂದು ವಿಷಯ ಗೊತ್ತಾಗಿದ್ದು ಬೈಕ್ ಎತ್ತಿದ ಮೇಲೆ. ಸ್ಟಾರ್ಟ್ ಮಾಡಲು ಹೋದೆ. ಪೊರಕೆ ಹಿಡಿದಿದ್ದ ಅಜ್ಜಿಯೊಬ್ಬರು, "ಮಾಡ್ಬ್ಯಾಡ ಕಣಪ್ಪಾ, ಅಡೀಲಿ ನೋಡು" ಅಂತ ಕೂಗಿದರು. ಬಗ್ಗಿ ನೋಡಿದರೆ ಚೈನಿಗೆ ಹುರುಳಿ ಬಳ್ಳಿ ಹಗ್ಗದ ಹಾಗೆ ಹೊಸೆದುಕೊಂಡಿದೆ. ಸೈಲೆನ್ಸರಿಗೆ ತಾಗಿದ್ದ ಕಡೆ ಕಂದಾಗಿ, ಸಣ್ಣಗೆ ಹೊಗೆ. ಅಜ್ಜಿಯ ಮೊಮ್ಮಗ ಕುಡುಗೋಲಿನಲ್ಲಿ ಕೊಯ್ದು ಕೊಯ್ದು ತೆಗೆದ, ಹತ್ತು ನಿಮಿಷ ಹಿಡಿಯಿತು. ಕಾರಿನ ಅಡಿ ಹೀಗೆ ಸುತ್ತಿಕೊಂಡು ಬೆಂಕಿ ಹತ್ತಿದ ಸುದ್ದಿ ಪೇಪರಿನಲ್ಲಿ ಓದಿದ್ದೆ. ನಂಬಿರಲಿಲ್ಲ.

ಆ ಜನರ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳು. ಆದರೆ ಗಾಯಕ್ಕೆ ನೀರು ಕೊಟ್ಟು, ಆಟೋ ತರಿಸಿ ಕಳಿಸಿದವರೂ ಅವರೇ. ನಮ್ಮ ತಾತನ ಹೊಲದಲ್ಲಿ ಒಕ್ಕಣೆಗೆ ಅಂತ ಸಗಣಿ ಸಾರಿಸಿದ ಕಣ ಇತ್ತು, ಎತ್ತು ಎಳೆಯುವ ಉರುಳುಗಲ್ಲು, ಅಂದರೆ ರೋಣಗಲ್ಲು ಇತ್ತು. ಈಗ ಎತ್ತೂ ಇಲ್ಲ, ಆಳೂ ಸಿಗುವುದಿಲ್ಲ. ರಸ್ತೆ ಪುಕ್ಕಟೆ. ಹಾಗಂತ ಬೇರೆಯವರ ಮೂಳೆ ಮುರಿಯಬೇಕಾ?

ಈಗ ರಸ್ತೆಯಲ್ಲಿ ಹುರುಳಿ ಹರವಿದ್ದು ಕಂಡರೆ ನಾನು ದೂರದಲ್ಲೇ ನಿಲ್ಲಿಸುತ್ತೇನೆ. ಹಿಂದೆ ಕೂತವರನ್ನು ಇಳಿಸಿ, ನಡೆದು ಬರಲು ಹೇಳುತ್ತೇನೆ. ಫಸ್ಟ್ ಗೇರಿನಲ್ಲಿ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ನೇರ ಹಿಡಿದು ದಾಟುತ್ತೇನೆ. ದಾಟಿದ ಮೇಲೆ ಚೈನ್, ಸೈಲೆನ್ಸರ್ ನೋಡುತ್ತೇನೆ. ಜಾಸ್ತಿ ಉದ್ದ ಹರವಿದ್ದರೆ ವಾಪಸ್ ತಿರುಗುವುದೇ ವಾಸಿ.

ರಾತ್ರಿಯಾದರೆ ಇನ್ನೂ ಹುಷಾರು. ಗಾಡಿಗಳು ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗದಿರಲಿ ಅಂತ ಅಂಚಿಗೆ ದಪ್ಪ ಕಲ್ಲು ಇಟ್ಟಿರುತ್ತಾರೆ. ಕತ್ತಲಾಗುವಷ್ಟರಲ್ಲಿ ಹುರುಳಿ ಬಾಚಿಕೊಂಡು ಹೋಗಿರುತ್ತಾರೆ. ಕಲ್ಲು ಅಲ್ಲೇ ಇರುತ್ತವೆ.